ಕನ್ಯೆ ನೊಣಗಳ ಬೇಸಿಗೆ

ಕಳೆದ ತಿಂಗಳು ಕುಣಿಗಲ್‌ನಲ್ಲಿ ನನ್ನ ನಾದಿನಿಯ ಹೊಸ ಮನೆಯ ಗೃಹಪ್ರವೇಶವಿತ್ತು. ಬೆಳಗ್ಗೆ ಕಾಫಿ ಹುಡುಕಿಕೊಂಡು ಹಿತ್ತಿಲಿಗೆ ಹೋದರೆ, ಅಡುಗೆಯವರು ದೊಡ್ಡ ಪಾತ್ರೆಯಲ್ಲಿ ಬೆಲ್ಲ ಕರಗಿಸಿ ಕುದಿಯುವ ನೀರಿಗೆ ರವೆ ಸುರಿಯುತ್ತಿದ್ದರು. ಅಲ್ಲಿದ್ದವರಿಗೆಲ್ಲ ಅದು ಸಜ್ಜಿಗೆಯ ಘಮ. ನನಗೆ ಮಾತ್ರ ನೊಣದ ಊಟದ ವಾಸನೆ. ಮೈಮರೆತು, "ಇಳ್ಸೋಕ್ ಮುಂಚೆ ಒಂಚೂರು ಆಸಿಡ್ ಹಾಕ್ಬಿಡಿ, ಬೂಷ್ಟು ಹಿಡಿಯಲ್ಲ" ಅಂದುಬಿಟ್ಟೆ. ಅಡುಗೆಯವರು ಸೌಟು ಹಿಡಿದುಕೊಂಡೇ ನನ್ನ ಮುಖ ನೋಡಿದರು. ನಾದಿನಿ ಓಡಿ ಬಂದು, "ಬನ್ನಿ ಅತ್ತಿಗೆ, ಒಳಗೆ ಹೋಗಣ" ಎಂದು ಕೈ ಹಿಡಿದು ಕರೆದುಕೊಂಡು ಹೋದಳು. ಪೂಜೆ ಮುಗಿಯುವವರೆಗೂ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಮಂತ್ರವಲ್ಲ, ತುಮಕೂರಿನ ಆ ಒಂದು ಬೇಸಿಗೆ.

ನಾನು ಗುಬ್ಬಿಯ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರದ ಉಪನ್ಯಾಸಕಿ. ಮನೆ ತುಮಕೂರಿನ ಶೆಟ್ಟಿಹಳ್ಳಿಯಲ್ಲಿ. ಗಂಡ ಮಂಜುನಾಥ ಶಿರಾ ಗೇಟ್ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾರೆ. ಪಿಎಚ್‌ಡಿಗೆ ಹೆಸರು ನೋಂದಾಯಿಸಿ ಎಷ್ಟೋ ವರ್ಷವಾಗಿತ್ತು. ಮದುವೆ, ಬಾಣಂತನ, ಮೌಲ್ಯಮಾಪನ, ಚುನಾವಣೆ ಡ್ಯೂಟಿ ಎಂದು ಅದು ಹಿಂದೆ ಸರಿಯುತ್ತ ಸರಿಯುತ್ತ, ಕೊನೆಗೆ ನೆಂಟರು "ಎಲ್ಲಿಗ್ ಬಂತು?" ಎಂದು ಕೇಳುವುದನ್ನೂ ಬಿಟ್ಟಿದ್ದರು. ಕೇಳಿದರೆ ಸಿಟ್ಟು ಬರುತ್ತಿತ್ತು, ಕೇಳದೇ ಹೋದಮೇಲೆ ಇನ್ನೂ ಹೆಚ್ಚು ಹೊಟ್ಟೆ ಉರಿಯಿತು. ಅಂತೂ ಇಂತೂ ಒಂದು ವರ್ಷದ ಅಧ್ಯಯನ ರಜೆ ಸಿಕ್ಕಿತು. ಮುಂದಿನ ಜೂನ್‌ನಲ್ಲಿ ಕಾಲೇಜು ತೆರೆಯುವ ದಿನ ಹಾಜರಾಗಬೇಕು, ಇನ್ನೊಮ್ಮೆ ರಜೆ ಇಲ್ಲ. ನನ್ನ ಮಾರ್ಗದರ್ಶಕರಾದ ರುದ್ರಯ್ಯ ಸರ್ ಅದರ ಮರುತಿಂಗಳು, ಜುಲೈ ಕೊನೆಗೆ ನಿವೃತ್ತರಾಗುವವರಿದ್ದರು. ಅಷ್ಟರೊಳಗೆ ಪ್ರಯೋಗ ಮುಗಿಯದಿದ್ದರೆ ಡಾಕ್ಟರ್ ಗಿರಿಜಾ ಅನ್ನುವವಳು ಹುಟ್ಟುವುದೇ ಇಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಸರ್ ಅವರ ಲ್ಯಾಬ್ ತುಮಕೂರಿನಲ್ಲೇ, ಒಂದು ಹಳೇ ಕಟ್ಟಡದ ಮೊದಲ ಮಹಡಿಯಲ್ಲಿತ್ತು. ಅಲ್ಲಿ ಸಾಕುತ್ತಿದ್ದದ್ದು ಹಣ್ಣಿನ ನೊಣ. ಮಾಗಿದ ಬಾಳೆಹಣ್ಣಿನ ಸುತ್ತ ಹಾರಾಡುತ್ತವಲ್ಲ, ಸಾಸಿವೆ ಗಾತ್ರದವು, ಅವೇ. ನಾವು ಹುಡುಕುತ್ತಿದ್ದ ವಿಷಯ ಹೇಳಿದರೆ ಸರಳ. ಹೆಣ್ಣಿನ ಅಂಡಾಶಯದಲ್ಲಿ ಮೊಟ್ಟೆಯಾಗಬೇಕಾದ ಕೋಶಗಳಿರುತ್ತವೆ. ಆ ಒಂದೊಂದು ಕೋಶದಲ್ಲೂ ವೀರ್ಯಾಣು ಮಾಡುವುದಕ್ಕೆ ಬೇಕಾದ ಜೀನುಗಳೂ ಇರುತ್ತವೆ. ಗಂಡಿನಲ್ಲಿ ಅವು ಕೆಲಸ ಮಾಡುತ್ತವೆ, ಹೆಣ್ಣಿನಲ್ಲಿ ಮುಚ್ಚಿಕೊಂಡಿರುತ್ತವೆ. ಮುಚ್ಚಿಡುವುದಕ್ಕೆಂದೇ ಇನ್ನೊಂದು ಜೀನು ಕಾವಲಿದೆ, ನಾವು ಅದನ್ನು ಬೀಗ ಎಂದೇ ಕರೆಯುತ್ತಿದ್ದೆವು. ಸರಿಯಾದ ಅಂಡಾಶಯ ಸೂಕ್ಷ್ಮದರ್ಶಕದಲ್ಲಿ ಬಾಳೆಗೊನೆಯ ಹಾಗೆ ಕಾಣುತ್ತದೆ, ತುದಿಯಲ್ಲಿ ಎಳೆಯದು, ಬುಡಕ್ಕೆ ಬಂದಂತೆ ತುಂಬಿದ ಮೊಟ್ಟೆ. ಹುಟ್ಟಿನಿಂದಲೇ ಬೀಗವಿಲ್ಲದ ಹೆಣ್ಣಿನದು ರಾಗಿ ತುಂಬಿದ ಚೀಲ. ಅತ್ತ ಮೊಟ್ಟೆಯೂ ಅಲ್ಲ, ಇತ್ತ ವೀರ್ಯಾಣುವೂ ಅಲ್ಲ, ಬರೀ ಸಣ್ಣ ಕಾಳು. ಮೊದಲ ಸಲ ನೋಡಿದಾಗ ನನಗೆ ನಿಜವಾಗಿ ಅಯ್ಯೋ ಅನ್ನಿಸಿತ್ತು.

ಇಷ್ಟನ್ನು ಬೇರೆಯವರು ಮೊದಲೇ ಕಂಡುಕೊಂಡಿದ್ದರು. ನನ್ನ ಪ್ರಶ್ನೆ ಅದರ ಮುಂದಿನದು. ಬೆಳೆದು, ಮೊಟ್ಟೆ ತುಂಬಿಕೊಂಡ ಹೆಣ್ಣಿನಲ್ಲಿ ಬೀಗ ತೆಗೆದರೆ ಏನಾಗುತ್ತದೆ? ಒಂದು ಸಲ ಹೆಣ್ಣಿನ ದಾರಿ ಹಿಡಿದ ಕೋಶ ತಾನಾಗಿಯೇ ಹಾಗೆ ಉಳಿಯುತ್ತದೋ, ಇಲ್ಲ ಬೀಗ ದಿನವೂ ಕಾಯುತ್ತಲೇ ಇರಬೇಕೋ? ಬಿಸಿ ಪೆಟ್ಟಿಗೆಯಲ್ಲಿಟ್ಟರೆ ಬೀಗ ಕಳಚಿಕೊಳ್ಳುವಂಥ ಒಂದು ತಳಿ ನಮ್ಮ ಹತ್ತಿರವಿತ್ತು. ಹೋಲಿಸಿ ನೋಡುವುದಕ್ಕೆ ಬೀಗ ಗಟ್ಟಿಯಾಗಿರುವ ಮಾಮೂಲಿ ತಳಿ. ಎರಡನ್ನೂ ಮೂರು ವಾರ ಸಾಕಿ, ಅಂಡಾಶಯ ತೆಗೆದು, ಅದರಲ್ಲಿ ಗಂಡು ಜೀನು ಕೆಲಸ ಮಾಡುತ್ತಿದೆಯೇ ಎಂದು ನೋಡುವುದು. ಮಾಡುತ್ತಿದ್ದರೆ ಜೆಲ್ ಎನ್ನುವ ಪಾರದರ್ಶಕ ಬಿಲ್ಲೆಯ ಮೇಲೆ ಆ ನೊಣದ ಸಾಲಿನಲ್ಲಿ ಒಂದು ಪಟ್ಟೆ ಹೊಳೆಯುತ್ತದೆ. ಇಲ್ಲದಿದ್ದರೆ ಆ ಸಾಲು ಕತ್ತಲೆ.

ಇದಕ್ಕೆ ಗಂಡಿನ ಜೊತೆ ಸೇರದ ಹೆಣ್ಣೇ ಬೇಕು. ಹೆಣ್ಣು ನೊಣ ಒಂದೇ ಸಲ ಕೂಡಿದರೂ ಆ ವೀರ್ಯವನ್ನು ಅಂಡಾಶಯದ ಪಕ್ಕದ ಪುಟ್ಟ ಚೀಲದಲ್ಲಿ ದಿನಗಟ್ಟಲೆ ಕಾಪಾಡಿಕೊಳ್ಳುತ್ತದೆ. ಹೆಣ್ಣಿನ ಅಂಗದಲ್ಲಿ ಗಂಡು ಜೀನಿನ ಸುಳಿವು ಹುಡುಕುವವರಿಗೆ ಅದರಂಥ ತಲೆನೋವು ಇನ್ನೊಂದಿಲ್ಲ. ಆದ್ದರಿಂದ ಹೆಣ್ಣು ಪೊರೆಯಿಂದ ಹೊರಬಂದ ಎಂಟು ಗಂಟೆಯೊಳಗೆ ಅದನ್ನು ಗಂಡುಗಳಿಂದ ಬೇರೆ ಮಾಡಬೇಕು. ತಂಪು ಪೆಟ್ಟಿಗೆಯಲ್ಲಿಟ್ಟರೆ ಎಲ್ಲ ನಿಧಾನವಾಗುವುದರಿಂದ ರಾತ್ರಿಯಿಡೀ ಸಮಯ ಸಿಗುತ್ತದೆ. ಸಂಜೆ ಬಾಟಲಿಯ ನೊಣಗಳನ್ನೆಲ್ಲ ಖಾಲಿ ಮಾಡಿ ತಂಪಿಗಿಟ್ಟು, ಬೆಳಗ್ಗೆ ಏಳಕ್ಕೆ ಹೋಗಿ, ಹೊಸದಾಗಿ ಹುಟ್ಟಿದವಕ್ಕೆ ಈಥರ್ ಕೊಟ್ಟು ಮಲಗಿಸಿ, ಕುಂಚದ ತುದಿಯಿಂದ ಹೆಣ್ಣುಗಳನ್ನು ಬೇರೆ ಮಾಡುತ್ತಿದ್ದೆ. ಯುಗಾದಿಯ ದಿನವೂ ಹೋಗಿದ್ದೆ. ಅಮ್ಮ ಫೋನಿನಲ್ಲಿ, "ಹಬ್ಬದ್ ದಿನ ಏನೇ ಮಾಡ್ತಿದೀಯ ಅಲ್ಲಿ?" ಅಂದರೆ, "ಕನ್ಯೆ ಆರಿಸ್ತಿದೀನಮ್ಮ" ಅಂದೆ. ಅಮ್ಮ ಆಸೆಯಿಂದ, "ಯಾರಿಗೇ?" ಅಂದರು.

ನೊಣಗಳ ಅಡುಗೆ ಕೆಂಪಮ್ಮನದು. ಹಾಗಲವಾಡಿಯವರು, ತುಮಕೂರಿನಲ್ಲಿ ಮಗಳ ಮನೆಯಲ್ಲಿದ್ದುಕೊಂಡು ಲ್ಯಾಬಿಗೆ ಬರುತ್ತಿದ್ದರು. ಬೆಲ್ಲ, ರವೆ, ಈಸ್ಟು ಹಾಕಿ ಕುದಿಸಿ, ಬೂಷ್ಟು ಹಿಡಿಯದಂತೆ ಆಸಿಡ್ ಬೆರೆಸಿ, ಬಿಸಿಬಿಸಿಯಾಗಿ ಗಾಜಿನ ಟ್ಯೂಬುಗಳಿಗೆ ಬಗ್ಗಿಸುವುದು, ಬಳಸಿದ ಟ್ಯೂಬು ತೊಳೆಯುವುದು ಅವರ ಕೆಲಸ. ಗಂಟಾಗದ ಹಾಗೆ ರವೆ ಕೂಡಿಸುವುದರಲ್ಲಿ ಅವರನ್ನು ಮೀರಿಸಿದವರನ್ನು ನಾನು ನೋಡಿಲ್ಲ. ಆರಿಸಿದ ಹೆಣ್ಣುಗಳ ಟ್ಯೂಬಿನ ಮೇಲೆ ನಾನು ಮಾರ್ಕರ್‌ನಲ್ಲಿ 'ಕ' ಎಂದು ಬರೆಯುತ್ತಿದ್ದೆ. ಮೂರು ದಿನಕ್ಕೊಮ್ಮೆ ನೊಣಗಳನ್ನು ಹೊಸ ಟ್ಯೂಬಿಗೆ ದಾಟಿಸಿ, ಹಳೆಯದನ್ನು ತಿರುಗಿ ಕೂಡ ನೋಡದೆ ಕೆಂಪಮ್ಮನ ಕ್ರೇಟಿಗೆ ಹಾಕುತ್ತಿದ್ದೆ. ನಿಜವಾಗಿ ಆ ಹಳೇ ಟ್ಯೂಬುಗಳನ್ನು ನಾಲ್ಕೈದು ದಿನ ಇಟ್ಟುಕೊಂಡು ಹುಳ ಬರುತ್ತದೋ ಎಂದು ನೋಡಬೇಕು, ಬಂದರೆ ಅದು ಕನ್ಯೆಯಲ್ಲ. ಪಾಠ ಮಾಡುವಾಗ ಮಕ್ಕಳಿಗೆ ಹೇಳುತ್ತಿದ್ದೆ ಕೂಡ. ಆದರೆ ನಾನು ಆರಿಸಿದ್ದು ತಪ್ಪುವುದುಂಟೇ? ಹಮ್ಮು ಅನ್ನುವುದು ನಮ್ಮಂಥ ಮೇಷ್ಟರುಗಳಿಗೆ ಹುಟ್ಟುಗುಣ.

ಆ ಏಪ್ರಿಲ್‌ನ ಸೆಕೆ ಇನ್ನೂ ನೆನಪಿದೆ. ಬೆಳಗ್ಗೆ ಎಂಟಕ್ಕೇ ಲ್ಯಾಬಿನ ಕಿಟಕಿಯ ಸರಳು ಬಿಸಿಯಾಗಿರುತ್ತಿತ್ತು. ಏಪ್ರಿಲ್‌ನಲ್ಲಿ ಆರಿಸಿದ ಹೆಣ್ಣುಗಳಿಗೆ ಮೇ ತಿಂಗಳಲ್ಲಿ ಮೂರು ವಾರ ತುಂಬಿತು. ಅವುಗಳ ಜೊತೆಗೆ ಆಗ ತಾನೇ ಆರಿಸಿದ ಎಳೆಯ ಹೆಣ್ಣುಗಳನ್ನೂ ಇಟ್ಟುಕೊಂಡು ಅಂಡಾಶಯ ತೆಗೆದೆ. ಕನ್ಯೆಯರೇ ಅಲ್ಲವೇ, ಪಕ್ಕದ ಚೀಲ ಖಾಲಿಯಿರುತ್ತದೆಂದು ಅದನ್ನು ಕತ್ತರಿಸಿ ಬೇರೆ ಮಾಡುವ ಗೋಜಿಗೆ ಹೋಗದೆ ಇಡೀ ಗೊನೆಯನ್ನೇ ಎಳೆದು ಹಾಕಿದೆ. ಜೆಲ್ ಬೆಳಕಿಗಿಟ್ಟು ನೋಡಿದೆ. ಬೀಗ ತೆಗೆದ ಹೆಣ್ಣಿನಲ್ಲಿ ಪಟ್ಟೆ ಬಂದಿತ್ತು, ಅದು ಸರಿ. ಆದರೆ ಬೀಗ ಗಟ್ಟಿಯಿದ್ದ ಮಾಮೂಲಿ ಹೆಣ್ಣಿನಲ್ಲೂ ಪಟ್ಟೆ! ಎಳೆಯದರಲ್ಲಿ ಇಲ್ಲ, ಮೂರು ವಾರದ್ದರಲ್ಲಿ ಮಾತ್ರ. ಮತ್ತೆ ಎರಡು ಸಲ ಮಾಡಿದೆ. ಮತ್ತೆ ಅದೇ.

ರುದ್ರಯ್ಯ ಸರ್ ಕನ್ನಡಕ ಹಣೆಗೇರಿಸಿ ಜೆಲ್‌ನ ಫೋಟೋವನ್ನು ಬಹಳ ಹೊತ್ತು ನೋಡಿದರು. "ವಯಸ್ಸಾದ್ರೆ ಬೀಗ ತಾನೇ ಸಡಿಲ ಆಗುತ್ತೆ ಅಂತಾಯ್ತಲ್ಲಮ್ಮ! ಇದನ್ನ ಯಾರೂ ಹೇಳಿಲ್ಲ ಗಿರಿಜಾ" ಅಂದರು. ಮೂವತ್ತು ವರ್ಷ ನೊಣ ಸಾಕಿದ ಮನುಷ್ಯ ಮಗುವಿನಂತೆ ನಕ್ಕರು. ಅದೇ ವಾರ ಮೈಸೂರಿನ ಒಂದು ಸಮ್ಮೇಳನಕ್ಕೆ ನಮ್ಮಿಬ್ಬರ ಹೆಸರಲ್ಲಿ ಸಾರಾಂಶ ಕಳಿಸಿ, ಸಿಕ್ಕಸಿಕ್ಕವರಿಗೆಲ್ಲ ಫೋನ್ ಮಾಡಿ ಹೇಳಿದರು. ನಾನೂ ಕಡಿಮೆಯೇನಲ್ಲ. ನೆಂಟರಿಗೆ ನಾನೇ ಫೋನ್ ಮಾಡಿ, "ಪಿಎಚ್‌ಡಿ ಮುಗೀತಾ ಬಂತು" ಎಂದು ಕೇಳದಿದ್ದವರಿಗೂ ಹೇಳಿದೆ.

ಒಂದು ಮಧ್ಯಾಹ್ನ ಮೊದಲ ಮಳೆ ಬಂದು ನಿಂತಿತ್ತು. ಕೆಂಪಮ್ಮ ತೊಟ್ಟಿಯ ಹತ್ತಿರ ಕೂತು ಟ್ಯೂಬು ಉಜ್ಜುತ್ತಿದ್ದರು. ನಾನು ಖುಷಿಯಲ್ಲಿದ್ದೆನಲ್ಲ, ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಹರಟೆಗೆ ಕೂತೆ.

"ಮೇಡಮ್ಮೋರೆ, ಇದ್ರ ಮ್ಯಾಲೆ 'ಕ' ಅಂತ ಬರೀತೀರಲ್ಲ, ಏನ್ ಹಂಗಂದ್ರೆ?" ಕೆಂಪಮ್ಮ ಕೇಳಿದರು.

"ಕನ್ಯೆ ಅಂತ ಕೆಂಪಮ್ಮ. ಗಂಡಿನ ಸಾವಾಸವೇ ಇಲ್ದಿರೋ ಹೆಣ್ಣು ನೊಣ."

"ಹಂಗಾರೆ ಮರಿ ಆಗಾಕಿಲ್ಲ?"

"ಮೊಟ್ಟೆ ಇಡ್ತವೆ. ಮರಿ ಹೆಂಗಾಗುತ್ತೆ?"

ಕೆಂಪಮ್ಮ ಬ್ರಷ್ ಕೆಳಗಿಟ್ಟರು. "ಮತ್ತೆ ಹೋದ್ ತಿಂಗಳು ಈ 'ಕ' ಟ್ಯೂಬಲ್ಲೆಲ್ಲ ಹುಳ ಪಿತಪಿತ ಅಂತಿದ್ವಲ್ಲ ಮೇಡಂ? ನಾನೇ ಬಿಸ್ನೀರ್ ಹುಯ್ದು ತೊಳ್ದಿದ್ದು."

ನಾನು ಸ್ಟೂಲಿನಿಂದ ಎದ್ದೆ. "ಎಲ್ಲದ್ರಲ್ಲೂ ಇತ್ತಾ?"

"ಸುಮಾರ್ ಟ್ಯೂಬಲ್ಲಿತ್ತು. ಈಗ್ಲೂ ತೊಳ್ಯದೆ ಇರೋವು ಮೂಲೆ ಕ್ರೇಟಲ್ಲಿ ಅವೆ, ನೋಡಿ ಬೇಕಾರೆ."

ಹೋಗಿ ಒಂದು ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದೆ. ನನ್ನದೇ ಅಕ್ಷರದ 'ಕ', ಏಪ್ರಿಲ್‌ನ ತಾರೀಕು. ಒಳಗೆ ಗಾಜಿಗೆ ಅಂಟಿಕೊಂಡು ಹುಳಗಳು ಬಿಟ್ಟುಹೋದ ಕಂದು ಪೊರೆಗಳು, ಒಂದಲ್ಲ ಎರಡಲ್ಲ. ಇನ್ನೊಂದು ತೆಗೆದೆ, ಅದರಲ್ಲೂ ಅದೇ. ಪಟ್ಟೆ ಬಂದದ್ದು ಹೆಣ್ಣಿಗೆ ವಯಸ್ಸಾದದ್ದಕ್ಕಲ್ಲ. ಆ ಹೆಣ್ಣುಗಳು ಗಂಡಿನ ಜೊತೆ ಕೂಡಿದ್ದವು, ಚೀಲದ ತುಂಬ ವೀರ್ಯವಿತ್ತು, ನಾನು ಅದನ್ನೂ ಸೇರಿಸಿ ಅರೆದಿದ್ದೆ. ಅಂಡಾಶಯದಲ್ಲಿ ಗಂಡು ಜೀನು ಸಿಕ್ಕಿತೆಂದು ಕುಣಿದೆನಲ್ಲ, ಅದು ಗಂಡಿನದೇ.

"ದಿನಾ ಬೆಳಗ್ಗೆ ತಂಪಿನಿಂದಲೇ ತೆಗ್ದು ಆರಿಸಿದ್ದೀನಿ ಕೆಂಪಮ್ಮ. ಹೆಂಗಾಯ್ತು ಇದು?"

"ತಂಪು ಎಲ್ಲಿತ್ತು ಮೇಡಂ? ಆ ತಿಂಗ್ಳು ದಿನಾ ರಾತ್ರಿ ಎರಡ್ಮೂರು ಗಂಟೆ ಕರೆಂಟೇ ಇರ್ತಿರ್ಲಿಲ್ವಲ್ಲ. ನಾವು ಬೀಸಣಿಗೆ ಹಿಡ್ಕಂಡು ಕೂತಿರ್ತಿದ್ವಿ. ನಿಮ್ ಮನೇಲಿ ಯುಪಿಎಸ್ ಐತೆ, ನಿಮ್ಗೆ ಹೆಂಗ್ ಗೊತ್ತಾಯ್ತದೆ ಬುಡಿ."

ಲ್ಯಾಬಿನಲ್ಲೂ ಯುಪಿಎಸ್ ಇತ್ತು, ಆದರೆ ತಂಪು ಪೆಟ್ಟಿಗೆಗೆ ಆ ಲೈನು ಕೊಟ್ಟಿರಲಿಲ್ಲ. ನಾನು ಏಳಕ್ಕೆ ಬರುವಷ್ಟರಲ್ಲಿ ಕರೆಂಟು ಬಂದು ಪೆಟ್ಟಿಗೆಯ ಉಷ್ಣಾಂಶದ ಮುಳ್ಳು ಸರಿಯಾದ ಜಾಗದಲ್ಲಿ ನಿಂತಿರುತ್ತಿತ್ತು. ಸೆಕೆಯಲ್ಲಿ ಗಂಡುಗಳು ಬೇಗ ಬೆಳೆದು ತಮ್ಮ ಕೆಲಸ ಮುಗಿಸಿರುತ್ತಿದ್ದವು. ಪಾಪ, ಅವುಗಳದ್ದೇನು ತಪ್ಪು. ಕೆಂಪಮ್ಮ ನನ್ನ ಮುಖ ನೋಡಿ ಮೆಲ್ಲಗೆ, "ನಾನ್ ಯಾರ್ಗೂ ಹೇಳಾಕಿಲ್ಲ ಮೇಡಂ" ಅಂದರು.

ಆ ಮಾತೇ ನನ್ನನ್ನು ಎರಡು ದಿನ ಕಾಡಿತು. ಕೆಂಪಮ್ಮ ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಸರ್ ಖುಷಿಯಾಗಿ ನಿವೃತ್ತರಾಗುತ್ತಾರೆ. ನನಗೆ ಡಿಗ್ರಿ ಬರುತ್ತದೆ. ಹೇಳಿದರೆ ಎಲ್ಲ ಮೊದಲಿನಿಂದ, ಅದೂ ರಜೆ ಮುಗಿಯಲು ಹತ್ತೇ ದಿನವಿರುವಾಗ. ಸುಳ್ಳು ಹೇಳುವ ಆಸೆ ನನಗೆ ಬರಲಿಲ್ಲವೆಂದು ಬರೆದರೆ ಅದೇ ಸುಳ್ಳಾಗುತ್ತದೆ. ಚೆನ್ನಾಗಿಯೇ ಬಂದಿತ್ತು. ಭಾನುವಾರ ತಿಂಡಿ ತಿನ್ನುವಾಗ ಮಂಜುಗೆ ಎಲ್ಲ ಹೇಳಿ, "ಏನ್ ಮಾಡ್ಲಿ ರೀ?" ಅಂದೆ.

ಅವರು ಇಡ್ಲಿ ಮುರಿಯುತ್ತಲೇ ಹೇಳಿದರು. "ಡಿಸ್‌ಪ್ಲೇ ಹೋಗಿದೆ ಅಂತ ಗೊತ್ತಿದ್ದೂ ಗ್ಲಾಸ್ ಒರೆಸಿ ಕೊಟ್ಬಿಡ್ಬಹುದು ಕಣೇ. ಗಿರಾಕಿ ಆವತ್ತು ನಗ್ತಾನೇ ಹೋಗ್ತಾನೆ. ಆಮೇಲೆ ನಾನು ದಿನಾ ರಸ್ತೆ ನೋಡ್ತಾ ಕೂತಿರ್ಬೇಕು, ಯಾವಾಗ್ ವಾಪಸ್ ಬರ್ತಾನೋ ಅಂತ. ನಿನ್ ಕೈಲಿ ಆಗುತ್ತಾ ಅದು?"

ನನ್ನ ಕೈಲಿ ಆಗುವುದಿಲ್ಲವೆಂದು ಅವರಿಗೂ ಗೊತ್ತಿತ್ತು.

ಸೋಮವಾರ ಸರ್ ಮೇಜಿನ ಮೇಲೆ ಆ ಎರಡು ಟ್ಯೂಬುಗಳನ್ನಿಟ್ಟೆ. ಅವರು ಒಂದನ್ನು ಎತ್ತಿ, 'ಕ' ಓದಿ, ಒಳಗಿನ ಪೊರೆ ನೋಡಿ, ಮೆಲ್ಲಗೆ ಕೆಳಗಿಟ್ಟರು. ಮುಖ ಸಣ್ಣದಾಯಿತು. ಅದನ್ನು ನೋಡುವುದು ನನಗೆ ಬೈಗುಳಕ್ಕಿಂತ ಕಷ್ಟವಾಯಿತು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳುವುದಕ್ಕೂ ಹೋಗಲಿಲ್ಲ.

"ತಂಪು ಪೆಟ್ಟಿಗೆಗೆ ಯುಪಿಎಸ್ ಲೈನ್ ಹಾಕಿಸ್ಬೇಕು ಅಂತ ಎರಡು ವರ್ಷದಿಂದ ಅಂದ್ಕೊಂಡೇ ಇದ್ದೆ" ಅಂದರು ಕೊನೆಗೆ. "ಮೈಸೂರಿಗೆ ನಾನೇ ಬರೀತೀನಿ, ವಾಪಸ್ ತಗೊಂಡಿದೀವಿ ಅಂತ. ಮತ್ತೆ ಮಾಡೋಕೆ ಎಷ್ಟು ದಿನ ಬೇಕಮ್ಮ?"

"ಆರು ವಾರ ಸರ್. ಆದ್ರೆ ಜೂನ್‌ನಿಂದ ಗುಬ್ಬೀಲಿ ಕ್ಲಾಸು."

"ನಾನು ಜುಲೈ ಕೊನೆವರೆಗೂ ಇರ್ತೀನಿ" ಅಂದರು ಸರ್. ಅವತ್ತೇ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದರು.

ಆ ಜೂನ್ ತಿಂಗಳಷ್ಟು ನಾನು ಯಾವತ್ತೂ ದುಡಿದಿಲ್ಲ, ಅಷ್ಟು ನೆಮ್ಮದಿಯಾಗಿಯೂ ಇದ್ದದ್ದಿಲ್ಲ. ಬೆಳಗ್ಗೆ ಆರೂವರೆಗೆ ಲ್ಯಾಬು, ಎಂಟೂವರೆಗೆ ಗುಬ್ಬಿ ಬಸ್ಸು, ಸಂಜೆ ಮತ್ತೆ ಲ್ಯಾಬು. ಈ ಸಲ ಎಂಟು ಗಂಟೆ ಮೀರದ ಹಾಗೆ ಮಧ್ಯಾಹ್ನವೂ ಒಮ್ಮೆ ಆರಿಸಬೇಕಿತ್ತು, ಆಗ ನಾನು ಗುಬ್ಬಿಯಲ್ಲಿ ಜೀವಕೋಶದ ಪಾಠ ಮಾಡುತ್ತಿರುತ್ತಿದ್ದೆ. ಸರ್ ಒಪ್ಪಿಗೆ ಕೊಟ್ಟ ಮೇಲೆ ಮಂಜು ಅಂಗಡಿಯಿಂದ ಬಂದು ಕೂತರು. ದಿನವಿಡೀ ಭೂತಗನ್ನಡಿಯಡಿ ಚಿಮಟ ಹಿಡಿಯುವವರು, ಅರ್ಧ ಗಂಟೆಯಲ್ಲಿ ಕಲಿತುಬಿಟ್ಟರು. ಬಾಲದ ತುದಿ ಕಪ್ಪಿದ್ದರೆ ಗಂಡು. ಮೈ ಪೇಲವವಾಗಿ, ಹೊಟ್ಟೆಯಲ್ಲಿ ಕಪ್ಪು ಚುಕ್ಕೆ ಕಂಡರೆ ಈಗ ತಾನೇ ಹುಟ್ಟಿದ ಹೆಣ್ಣು. "ಮೊಬೈಲ್ ಸ್ಕ್ರೂಗಿಂತ ದಪ್ಪನೇ ಬಿಡು. ಒಂದೇ ಕಷ್ಟ, ಸ್ಕ್ರೂಗಳು ಎದ್ದು ಹಾರಲ್ಲ" ಅಂದರು. ಎರಡನೇ ವಾರಕ್ಕೆ ನನಗಿಂತ ವೇಗವಾಗಿ ಆರಿಸುತ್ತಿದ್ದರು. ಹೊಟ್ಟೆಕಿಚ್ಚಾಯಿತು, ಹೆಮ್ಮೆಯೂ ಆಯಿತು.

ಈ ಸಲ ಒಂದೊಂದು ಹೆಣ್ಣನ್ನೂ ಒಂಟಿಯಾಗಿ ಒಂದೊಂದು ಟ್ಯೂಬಿಗೆ ಹಾಕಿದೆವು. ದಾಟಿಸಿದ ಮೇಲೆ ಹಳೇ ಟ್ಯೂಬನ್ನು ಐದು ದಿನ ಇಟ್ಟುಕೊಂಡು ನೋಡುವ ಅಧಿಕಾರ ಪೂರ್ತಿ ಕೆಂಪಮ್ಮನದು. ಕನ್ನಡಕ ಹಾಕಿಕೊಂಡು, ಟ್ಯೂಬನ್ನು ಬೆಳಕಿಗೆ ಹಿಡಿದು, ಪರೀಕ್ಷೆಯ ಮೇಲ್ವಿಚಾರಕರ ಗತ್ತಿನಲ್ಲಿ, "ಇವಳು ಪಾಸು. ಇವಳು ಪಾಸು. ಅಗಾ, ಇವಳು ಯಾವನ್ನೋ ನೋಡವ್ಳೆ, ತೆಗೀರಿ ಮೇಡಂ" ಅನ್ನುತ್ತಿದ್ದರು. ಫೇಲಾದವರು ಬಹಳ ಕಡಿಮೆ. ಹೊರಗೆ ಜಿಟಿಜಿಟಿ ಮಳೆ, ಒಳಗೆ ಕೆಂಪಮ್ಮನ ಫಲಿತಾಂಶ. ಗುಬ್ಬಿಯಿಂದ ಸುಸ್ತಾಗಿ ಬಂದವಳಿಗೆ ಅದನ್ನು ಕೇಳಿದರೆ ಹೊಟ್ಟೆಗೆ ಹಾಲು ಹುಯ್ದ ಹಾಗಾಗುತ್ತಿತ್ತು.

ಜುಲೈನ ಒಂದು ಶನಿವಾರ, ಕಾಲೇಜು ಅರ್ಧ ದಿನ. ಹಿಂದಿನ ಎರಡು ಸಂಜೆ ಕೂತು ಅಂಡಾಶಯ ತೆಗೆದಿದ್ದೆ, ಈ ಸಲ ಪಕ್ಕದ ಚೀಲವನ್ನು ಕತ್ತರಿಸಿ ಎಸೆದ ಮೇಲೆಯೇ. ಮಧ್ಯಾಹ್ನ ಮೂರಕ್ಕೆ ಜೆಲ್ ತೆಗೆದು ಬೆಳಕಿನ ಪೆಟ್ಟಿಗೆಯ ಮೇಲಿಟ್ಟೆ. ಸರ್ ನನ್ನ ಬಲಕ್ಕೆ, ಕೆಂಪಮ್ಮ ಎಡಕ್ಕೆ. ನಾಲ್ಕು ಸಾಲು. ಮೊದಲನೆಯದು ಹೋಲಿಕೆಗಿಟ್ಟ ಗಂಡು ನೊಣದ್ದು, ಪಟ್ಟೆ ಹೊಳೆಯಿತು. ಎರಡನೆಯದು ಬೀಗ ತೆಗೆದ ಹೆಣ್ಣು, ಅದರಲ್ಲೂ ಹೊಳೆಯಿತು. ಮೂರನೆಯದು ಬೀಗವಿರುವ ಎಳೆಯ ಹೆಣ್ಣು, ಕತ್ತಲೆ. ನಾಲ್ಕನೆಯದು ಬೀಗವಿರುವ ಮೂರು ವಾರದ ಹೆಣ್ಣು. ನಾನು ಬಗ್ಗಿ ನೋಡಿದೆ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದೆ.

"ಕಡೇದ್ರಲ್ಲಿ ಏನೂ ಬಂದಿಲ್ವಲ್ಲ ಮೇಡಂ" ಅಂದರು ಕೆಂಪಮ್ಮ ಗಾಬರಿಯಿಂದ. "ಇನ್ನೊಂದ್ ಸಲ ಮಾಡ್ಬೇಕಾ?"

"ಬೇಡ ಕೆಂಪಮ್ಮ. ಏನೂ ಬರಬಾರದು. ಅದಕ್ಕೇ ಇಷ್ಟೆಲ್ಲ ಮಾಡಿದ್ದು."

"ಬೀಗ ದಿನಾನೂ ಕಾಯ್ಬೇಕು ಅಂತಾಯ್ತು" ಅಂದರು ಸರ್. "ವಯಸ್ಸಾದ್ರೂ ಕಾಯ್ತಾನೇ ಇರುತ್ತೆ. ತೆಗೆದ್ರೆ ಮಾತ್ರ ಕಾವಲು ಹೋಗುತ್ತೆ." ಯಾರೂ ಊಹಿಸದ ಸಂಗತಿ ಅದಲ್ಲ, ಸಮ್ಮೇಳನದಲ್ಲಿ ಕುಣಿದಾಡುವಂಥದ್ದೂ ಅಲ್ಲ. ಆದರೆ ನಾನು ಕೇಳಿದ ಪ್ರಶ್ನೆಗೆ ಅದೇ ಉತ್ತರ, ಮತ್ತು ಅದು ನಿಜ. ಸರ್ ನನ್ನ ತಲೆಯ ಮೇಲೆ ಒಮ್ಮೆ ಕೈಯಿಟ್ಟು, ಪ್ರಬಂಧಕ್ಕೆ ಸಹಿ ಹಾಕುವ ಪೆನ್ನು ಹುಡುಕುವವರ ಹಾಗೆ ಜೇಬು ತಡಕುತ್ತ ತಮ್ಮ ಕೋಣೆಗೆ ಹೋದರು.

ನಾನು ಆ ನಾಲ್ಕನೇ ಸಾಲಿನ ಫೋಟೋ ತೆಗೆದು ಮಂಜುಗೆ ಕಳಿಸಿದೆ. 'ಏನೂ ಕಾಣ್ತಿಲ್ಲ' ಎಂದು ತಕ್ಷಣ ಉತ್ತರ ಬಂತು. 'ಹೌದು' ಎಂದು ಬರೆದೆ. ಅವರು ಶನಿವಾರದ ವ್ಯಾಪಾರದ ಹೊತ್ತಿನಲ್ಲಿ ಅಂಗಡಿಯ ಶೆಟರ್ ಎಳೆದು, ಅರ್ಧ ಗಂಟೆಯಲ್ಲಿ ಲ್ಯಾಬಿನ ಮೆಟ್ಟಿಲ ಹತ್ತಿರ ನಿಂತಿದ್ದರು.